ಎಲ್ಲಿ ಕೊಡಲಿ, ಯಾರಿಗೆ ಓದಿಸಲಿ

ಮುಗದದಂಥ ಊರಿನಲ್ಲಿ ಕಾದಂಬರಿ ಬರೆಯುವವರು ಇರುತ್ತಾರೆಯೇ ಎಂದು ಯಾರಾದರೂ ಕೇಳಿದರೆ ನನಗೇ ಆಶ್ಚರ್ಯವಾಗುತ್ತದೆ. ಇರದೆ ಏನು? ಧಾರವಾಡದ ಪಶ್ಚಿಮಕ್ಕೆ, ಬಯಲು ಮುಗಿದು ಮಲೆನಾಡಿನ ಸೆರಗು ಶುರುವಾಗುವ ಕಡೆ ನಮ್ಮ ಊರು. ಕೆರೆ ಇದೆ, ಭತ್ತದ ಗದ್ದೆ ಇದೆ, ಲೋಂಡಾ ಕಡೆಗೆ ಹೋಗುವ ಹಳಿಯ ಮೇಲೊಂದು ಸಣ್ಣ ಸ್ಟೇಶನ್ನಿದೆ. ಅಣ್ಣತಮ್ಮಂದಿರ ವಾಟ್ನಿ, ಕೋರ್ಟು ಕಟ್ಲೆ, ಮುರಿದುಬಿದ್ದ ಮದುವೆ, ಊರು ಬಿಟ್ಟು ಹೋದವರು, ಹೋಗಿ ತಿರುಗಿ ಬಂದವರು, ಕಾದಂಬರಿಗೆ ಬೇಕಾದ ಸರಕು ಯಾವುದು ಕಡಿಮೆ ಇದೆ? ಬರೆಯುವ ಹುಡುಗ ಹುಡುಗಿಯರೂ ಇದ್ದಾರೆ. ಒಬ್ಬ ಮೊಬೈಲಿನಲ್ಲಿ ಬೆರಳಾಡಿಸಿ ಬರೆಯುತ್ತಾನೆ, ಇನ್ನೊಬ್ಬಳು ಉದ್ದ ನೋಟಬುಕ್ಕಿನಲ್ಲಿ ನೀಲಿ ಪೆನ್ನಿನಿಂದ ಬರೆಯುತ್ತಾಳೆ. ಬರೆದಾದ ಮೇಲೆ ಎಲ್ಲರೂ ಕೇಳುವುದು ಒಂದೇ ಮಾತು: “ಕಾದಂಬರಿ ಮುಗಿಸೇನ್ರಿ ಸರ್, ಎಲ್ಲಿ ಕೊಡ್ಲಿ?”

“ಯಾರ್ಯಾರು ಓದ್ಯಾರ?” ಎಂದು ನಾನು ಕೇಳುತ್ತೇನೆ.

“ಇನ್ನೂ ಯಾರಿಗೂ ತೋರ್ಸಿಲ್ರಿ. ಪುಸ್ತಕ ಆದ ಮ್ಯಾಲ ಓದ್ತಾರಲ್ರಿ.”

ಇಲ್ಲಿಯೇ ನನ್ನ ಚಿಂತೆ ಶುರುವಾಗುವುದು. ಅಚ್ಚು ಹಾಕುವುದು ಇವತ್ತು ಕಷ್ಟದ ಕೆಲಸವಲ್ಲ. ಕೈಯಲ್ಲಿ ರೊಕ್ಕ ಇದ್ದರೆ ಹಸ್ತಪ್ರತಿ ಕೊಟ್ಟ ತಿಂಗಳೊಪ್ಪತ್ತಿನಲ್ಲಿ ಬಣ್ಣದ ಮುಖಪುಟ ಹೊತ್ತ ಪುಸ್ತಕ ಮನೆಗೆ ಬರುತ್ತದೆ. ಆದರೆ ಅಚ್ಚಾಗುವ ಮೊದಲು ಕೂತು ಓದಿ, “ಈ ಮೂರನೇ ಅಧ್ಯಾಯ ಬ್ಯಾಡ, ಈ ಮುದುಕಿಯ ಕತೆ ಇನ್ನಷ್ಟು ಬೇಕು” ಎಂದು ಹೇಳುವ ಮನುಷ್ಯ ಸಿಗುವುದು ಕಷ್ಟವಾಗಿದೆ. ಕನ್ನಡ ಕಾದಂಬರಿಗೆ ಇವತ್ತು ಬೇಕಾಗಿರುವುದು ಅಂಥ ಮನುಷ್ಯ. ಇದನ್ನು ನಾನು ಹೋದಲ್ಲಿ ಬಂದಲ್ಲಿ ಹೇಳುತ್ತಲೇ ಇರುತ್ತೇನೆ, ಹೇಳಿ ಕೆಲವರಿಗೆ ಬೇಸರವನ್ನೂ ಮಾಡಿದ್ದೇನೆ.

ನಮ್ಮ ಮಗ್ಗುಲ ಧಾರವಾಡದಲ್ಲಿ ಅಂಥವರ ಒಂದು ಅಡ್ಡೆಯೇ ಇತ್ತು. ಸುಭಾಸ ರಸ್ತೆಯಲ್ಲಿ ಮೆಟ್ಟಿಲು ಹತ್ತಿ ಹೋದರೆ ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಹುಟ್ಟಿದ ಸಂಸ್ಥೆ ಅದು. ಜಿ.ಬಿ. ಜೋಶಿಯವರು ಕಟ್ಟಿದರು, ಬೇಂದ್ರೆಯವರು ಬೆನ್ನಿಗೆ ನಿಂತರು, ಮೊದಲ ಪುಸ್ತಕವಾಗಿ ಬಂದದ್ದು ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’ ಕಾದಂಬರಿ. ಮುಂದೆ ಇದೇ ಅಟ್ಟದಿಂದ ಇಳಿದು ಬಂದ ಕಾದಂಬರಿಗಳನ್ನು ಸುಮ್ಮನೆ ನೆನೆದರೂ ಮೈ ಜುಮ್ಮೆನ್ನುತ್ತದೆ. ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ 1956ರಲ್ಲಿ, ಅದರ ಮರುವರ್ಷ ರಾವಬಹಾದ್ದೂರರ ‘ಗ್ರಾಮಾಯಣ’, 1961ರಲ್ಲಿ ಶಾಂತಿನಾಥ ದೇಸಾಯರ ‘ಮುಕ್ತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’. ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆಂದು ಹೋಗಿದ್ದಾಗ. ಕತೆ ನಡೆಯುವುದು ತೀರ್ಥಹಳ್ಳಿ ಸೀಮೆಯ ಅಗ್ರಹಾರದಲ್ಲಿ. ಪುಸ್ತಕವಾದದ್ದು ಧಾರವಾಡದಲ್ಲಿ. ದೇಸಾಯರಂತೂ ನಮ್ಮ ನೆರೆಯ ಹಳಿಯಾಳದವರು.

ಇಷ್ಟೆಲ್ಲ ಒಂದೇ ಅಟ್ಟದಿಂದ ಬರಲು ಕಾರಣವೇನು ಎಂದು ನಾನು ಬಹಳ ವಿಚಾರ ಮಾಡಿದ್ದೇನೆ. ಹಣವಂತೂ ಅಲ್ಲ, ಹಣ ಅಲ್ಲಿ ಯಾವತ್ತೂ ತುಂಬಿ ತುಳುಕಿರಲಿಲ್ಲ. ಓದುವವರು ಇದ್ದರು. ಕೀರ್ತಿನಾಥ ಕುರ್ತಕೋಟಿಯವರಂಥ ಓದುಗ ಅಟ್ಟದಲ್ಲಿ ಕೂತಿರುತ್ತಿದ್ದರು. ಇತಿಹಾಸವನ್ನು ಇಂದಿನ ಕಣ್ಣಿನಿಂದ ನೋಡುವ ನಾಟಕ ಕನ್ನಡದಲ್ಲಿ ಬಂದಿಲ್ಲ ಎಂದು ಅವರು ಹೇಳಿದ ಮಾತೇ ‘ತುಘಲಕ್’ ಬರೆಯಲು ಹಚ್ಚಿತು ಎಂದು ಗಿರೀಶ ಕಾರ್ನಾಡರೇ ಹೇಳಿಕೊಂಡಿದ್ದಾರೆ. ಪ್ರಕಾಶನ ಸಂಸ್ಥೆಯ ಮನುಷ್ಯ ಹಸ್ತಪ್ರತಿ ಬರಲೆಂದು ಕಾಯುತ್ತ ಕೂಡದೆ, ಇನ್ನೂ ಬರೆಯದ ಪುಸ್ತಕದ ಕೊರತೆಯನ್ನು ಲೇಖಕನಿಗೆ ತೋರಿಸಿಕೊಡುವುದು ಎಂಥ ದೊಡ್ಡ ಕೆಲಸ! ಅದಕ್ಕೆ ಸಂಬಳವಿಲ್ಲ, ಪುಸ್ತಕದ ಮುಖಪುಟದಲ್ಲಿ ಹೆಸರೂ ಇಲ್ಲ.

ಓದುವವರ ಜೊತೆಗೆ ಹೊತ್ತು ತಿರುಗುವವರೂ ಇದ್ದರು. ಜಿ.ಬಿ. ಊರೂರು ತಿರುಗಿ ಚಂದಾದಾರರನ್ನು ಮಾಡಿದರು. ವರ್ಷಕ್ಕಿಷ್ಟು ಅಂತ ಚಂದಾ ಕಟ್ಟಿದವರಿಗೆ ಆ ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ. ಚಂದಾ ಕೊಟ್ಟವನಿಗೆ ಯಾವ ಪುಸ್ತಕ ಬರುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಅಟ್ಟದ ಆಯ್ಕೆಯ ಮೇಲೆ ಅವನಿಗೆ ಭರವಸೆ. ಹೆಸರೇ ಕೇಳದ ಹೊಸ ಲೇಖಕನ ಮೊದಲ ಕಾದಂಬರಿಯೂ ಆ ಭರವಸೆಯ ಬಲದಿಂದ ಮೊದಲ ದಿನವೇ ನೂರಾರು ಮನೆಗೆ ಮುಟ್ಟುತ್ತಿತ್ತು. ಜಾಹೀರಾತಿಲ್ಲದೆ ಹೊಸಬನಿಗೆ ಇಷ್ಟು ಓದುಗರನ್ನು ಒದಗಿಸುವ ಇನ್ನೊಂದು ಏರ್ಪಾಡು ನನಗೆ ಇವತ್ತಿಗೂ ಕಂಡಿಲ್ಲ.

ಹೊತ್ತು ತಿರುಗುವುದು ಎಂದೆನಲ್ಲ, ಆ ಮಾತನ್ನು ಅಕ್ಷರಶಃ ಮಾಡಿದವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂದು ಹೆಸರು, ಹಾವೇರಿ ಕಡೆಯವರು, 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಮಾಸ್ತರಿಕೆ ಬಿಟ್ಟು ಬರವಣಿಗೆಗೆ ಬಿದ್ದವರು. ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ನಡೆಸಿದರು, ‘ಮಾಧವ ಕರುಣಾವಿಲಾಸ’ದಂಥ ದೊಡ್ಡ ಕಾದಂಬರಿ ಬರೆದರು, ಬರೆದ ಪುಸ್ತಕಗಳ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಹಳ್ಳಿಹಳ್ಳಿಗೆ ನಡೆದು ಮಾರಿದರು. ಈ ಸೀಮೆಯಲ್ಲಿ ಮರಾಠಿ ಓದೇ ದೊಡ್ಡದು ಎನ್ನುತ್ತಿದ್ದ ಕಾಲ ಅದು. ಕನ್ನಡದಲ್ಲೂ ನಿದ್ದೆಗೆಟ್ಟು ಓದುವಂಥ ಕತೆ ಇರುತ್ತದೆ ಎಂದು ಜನಕ್ಕೆ ತೋರಿಸಿಕೊಟ್ಟವರು ಅವರು ಮತ್ತು ಬಾಗಲಕೋಟೆಯ ಕೆರೂರ ವಾಸುದೇವಾಚಾರ್ಯರು. ಅತ್ತ ಕರಾವಳಿಯಲ್ಲಿ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದ್ದು ಇನ್ನೊಂದು ದೊಡ್ಡ ಕತೆ, ಅದನ್ನು ಹಿಡಿದರೆ ಸಂಜೆ ಸಾಲುವುದಿಲ್ಲ.

ನಮ್ಮ ಹುಡುಗರ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಒಬ್ಬ ಹುಡುಗ ತನ್ನ ಕಾದಂಬರಿ ತಂದು ಕೊಟ್ಟ. ಅಣ್ಣತಮ್ಮಂದಿರ ವಾಟ್ನಿಯ ಕತೆ. ತಾಯಿಯ ಹೆಸರು ನಿಂಗವ್ವ. ಹೊಲ, ಮನೆ, ಎತ್ತು ಎಲ್ಲ ಪಾಲಾದ ದಿನದ ಬಗ್ಗೆ ಹೀಗೆ ಬರೆದಿದ್ದ: ದ್ವೇಷದ ಬೆಂಕಿ ಹೊತ್ತಿ ಉರಿಯಿತು, ನಿಂಗವ್ವನ ಹೃದಯ ಒಡೆದು ಚೂರುಚೂರಾಯಿತು, ಕಣ್ಣೀರಿನ ಕೋಡಿ ಹರಿಯಿತು. ಓದಿದೆ. ನನಗೆ ನಿಂಗವ್ವ ಕಾಣಿಸಲಿಲ್ಲ. ಕರೆದು ಕೂರಿಸಿಕೊಂಡು, “ತಮ್ಮಾ, ಬರದದ್ದು ಇರ್ಲಿ. ಆ ದಿನ ಮನಿಯಾಗ ಏನೇನಾತು, ನೀ ನೋಡಿದ್ದು ಹೇಳು” ಎಂದೆ. ಅವನು ಹೇಳತೊಡಗಿದ.

“ಬಚ್ಚಲದಾಗ ತಾಮ್ರದ ಹಂಡೆ ಒಂದ ಇತ್ರಿ. ಪಂಚರು ಅದನ್ನ ತೂಗಿ ಕಿಮ್ಮತ್ತು ಕಟ್ಟಿದ್ರು. ಹಂಡೆ ದೊಡ್ಡಾಂವ ಒಯ್ದ, ಸಣ್ಣಾಂವಗ ರೊಕ್ಕ ಬಂತು. ಮರುದಿನ ನಸುಕಿನ್ಯಾಗ ಆಯಿ ಎದ್ದು ದಿನದಂಗ ಹೋಗಿ ಬಚ್ಚಲ ಒಲಿಗೆ ಉರಿ ಹಾಕಿ ಕುಂತಳ್ರಿ. ಮ್ಯಾಲ ಹಂಡೆ ಇಲ್ಲಂತ ಆಕೀಗೆ ಖಬರ ಇರಲಿಲ್ಲ. ಉರಿ ಜೋರಾಗಿ ಗ್ವಾಡಿಗೆ ಹತ್ತಾಕತ್ತಿದ ಮ್ಯಾಲ ನಾವು ಓಡಿ ಹೋದ್ವಿ.”

“ಇದನ್ಯಾಕ ಬರದಿಲ್ಲೋ?”

“ಅದು ಸಣ್ಣ ವಿಷಯ ಅಂತ ಬಿಟ್ಟೆರಿ.”

ಕಾದಂಬರಿ ಕಲೆಯ ಬಗ್ಗೆ ನೂರು ಪುಸ್ತಕ ಬಂದಿವೆ, ನಾನೂ ಕೆಲವನ್ನು ಓದಿದ್ದೇನೆ. ಆದರೆ ನಮ್ಮ ಹೊಸ ಲೇಖಕರಿಗೆ ಕಲಿಸಬೇಕಾದದ್ದು ಬಹುಮಟ್ಟಿಗೆ ಈ ಹಂಡೆಯಲ್ಲಿದೆ. ಅವರಿಗೆ ಕಣ್ಣಿಲ್ಲವೆಂದಲ್ಲ, ನೋಡಿದ್ದೆಲ್ಲ ನೆನಪಿನಲ್ಲಿದೆ. ಬರೆಯಲು ಕೂತಾಗ ಮಾತ್ರ ನೋಡಿದ್ದನ್ನು ಬಿಟ್ಟು ಸಿನಿಮಾದಲ್ಲಿ, ಭಾಷಣದಲ್ಲಿ ಕೇಳಿದ್ದನ್ನು ಬರೆಯುತ್ತಾರೆ. ಸಾಹಿತ್ಯವೆಂದರೆ ದೊಡ್ಡ ಮಾತು ಎಂಬ ಭಯಭಕ್ತಿ. ಆ ಭಯ ಬಿಡಿಸಲು ಎದುರಿಗೆ ಕೂತು ಕೇಳುವ ಒಬ್ಬ ಬೇಕು. ಹುಡುಗ ನನಗೆ ಬಾಯಲ್ಲಿ ಹೇಳಿದ್ದನ್ನೇ ಹಾಗೆಯೇ ಬರೆದುಕೊಂಡು ಬಂದ. ಅಧ್ಯಾಯ ಹನ್ನೆರಡು ಪುಟದಿಂದ ನಾಲ್ಕಕ್ಕೆ ಇಳಿಯಿತು. ಈಗ ಓದಿದರೆ ಎದೆ ಹಿಂಡುತ್ತದೆ.

ಮಾತಿನ ಪ್ರಶ್ನೆ ಇದಕ್ಕಿಂತ ತೊಡಕಿನದು. ಧಾರವಾಡ ಕನ್ನಡ ಎಂದು ಹೊರಗಿನವರು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಊರೊಳಗೆ ಇರುವವರಿಗೆ ಗೊತ್ತು, ಒಂದು ಮನೆಯಲ್ಲಿ “ಮಾಡ್ಲಿಕತ್ತೇನಿ”, ಮಗ್ಗುಲ ಮನೆಯಲ್ಲಿ “ಮಾಡಾಕತ್ತೇನಿ”. ಬಾಯಿ ಬಿಟ್ಟರೆ ಸಾಕು, ಯಾವ ಓಣಿ, ಯಾವ ಮನೆತನ ಎಂದು ತಿಳಿಯುತ್ತದೆ. ರೈತನ ಬಾಯಲ್ಲಿ ಮೊದಲನೆಯದನ್ನು ಇಟ್ಟರೆ ಈ ಕಡೆಯ ಓದುಗ ಅಲ್ಲಿಯೇ ಪುಸ್ತಕ ಮುಚ್ಚುತ್ತಾನೆ. ‘ಗಂಗವ್ವ ಗಂಗಾಮಾಯಿ’ಯ ಮಂದಿ ಆಡುವ ಮಾತಿಗೆ ಕಿವಿಗೊಟ್ಟು ನೋಡಿ, ಜಗಳವಾಡುವಾಗ ಒಂದು ತೂಕ, ಒಳಗೊಳಗೆ ಮಸಲತ್ತು ಮಾಡುವಾಗ ಇನ್ನೊಂದು ತೂಕ. ಆದರೆ ಆಡುಮಾತನ್ನು ಎಷ್ಟರ ಮಟ್ಟಿಗೆ ತರಬೇಕು? ಸಂಭಾಷಣೆಗೆ ಮಾತ್ರವೋ, ಕತೆ ಹೇಳುವ ದನಿಗೂ ಬೇಕೋ? ದೇವನೂರ ಮಹಾದೇವ ‘ಕುಸುಮಬಾಲೆ’ಯಲ್ಲಿ ಇಡೀ ನಿರೂಪಣೆಯನ್ನೇ ನಂಜನಗೂಡು ಸೀಮೆಯ ಮಾತಿನಲ್ಲಿ ಹೇಳಿದರು. ಮೊದಲು ತಡವರಿಸಿದವರೂ ಆಮೇಲೆ ಅದರ ಲಯಕ್ಕೆ ಬಿದ್ದರು. ಅದು ಎಲ್ಲರಿಗೂ ಒಲಿಯುವ ದಾರಿಯಲ್ಲ. ನಾನಂತೂ ಹುಡುಗರಿಗೆ ಹೇಳುವುದಿಷ್ಟೇ: ಬರೆದದ್ದನ್ನು ಗಟ್ಟಿಯಾಗಿ ಓದಿ. ಓದುವಾಗ ನಾಲಿಗೆ ತೊಡರಿದ ಕಡೆ ಗೆರೆ ಹಾಕಿ. ಊರಿನ ಹಿರಿಯರ ಮುಂದೆ ಓದಿದರೆ ಇನ್ನೂ ಒಳ್ಳೆಯದು, ಸುಳ್ಳು ಮಾತು ಬಂದ ಕಡೆ ಅವರು ನಗುತ್ತಾರೆ.

ಇದಕ್ಕೆಲ್ಲ ಕಾಲ ಬೇಕು. ನಮ್ಮ ಊರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ, ‘ಮುಗದ ಸುಗಂಧ’ ತಳಿಯ ಹೆಸರು ಕೇಳಿದವರಿದ್ದೀರಿ. ಒಂದು ಹೊಸ ತಳಿ ರೈತನ ಕೈಗೆ ಬರುವುದೆಂದರೆ ಎರಡು ತಳಿಯ ಸಂಕರ ಮಾಡುವುದರಿಂದ ಶುರುವಾಗಿ, ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ, ಬೇಡದ್ದನ್ನು ಕಿತ್ತೊಗೆಯುತ್ತ, ಬೇರೆ ಬೇರೆ ಊರಿನ ಮಣ್ಣಿನಲ್ಲಿ ಬೆಳೆಸಿ ನೋಡುತ್ತ, ಕೊನೆಗೆ ರೈತರ ಹೊಲದಲ್ಲೇ ಪರೀಕ್ಷೆ ಮಾಡುವ ತನಕ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ. ಕಾದಂಬರಿಯ ಹಸ್ತಪ್ರತಿಗೂ ಇಂಥ ಆರಿಸುವಿಕೆ ಬೇಕು, ಬೇರೆ ಬೇರೆ ಮಣ್ಣಿನಲ್ಲಿ ಬಿತ್ತಿ ನೋಡುವುದು ಬೇಕು. ಒಬ್ಬ ಮಾಸ್ತರ, ಒಬ್ಬ ರೈತ, ಮನೆಯ ಒಬ್ಬ ಹೆಣ್ಣುಮಗಳು, ಲೇಖಕನ ಪರಿಚಯವೇ ಇಲ್ಲದ ಪರಊರಿನ ಒಬ್ಬ, ಹೀಗೆ ನಾಲ್ಕು ಮಂದಿ ಓದಿ ಹೇಳಲಿ. ನಾಲ್ವರೂ ಒಂದೇ ಪುಟದಲ್ಲಿ ಆಕಳಿಸಿದರೆ ಆ ಪುಟ ಹೋಗಲೇಬೇಕು.

ಅವಸರ ಬೇಡ ಎನ್ನುವುದಕ್ಕೆ ನನ್ನ ಬಳಿ ದೊಡ್ಡ ಸಾಕ್ಷಿಗಳಿವೆ. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ನವಲಗುಂದದ ಶ್ರೀನಿವಾಸ ವೈದ್ಯರು ಬ್ಯಾಂಕಿನ ನೌಕರಿ ಮುಗಿಸಿ, ಅರವತ್ತರ ಮೇಲೆ ‘ಹಳ್ಳ ಬಂತು ಹಳ್ಳ’ ಬರೆದರು. ಅದೇ ಅಟ್ಟದಿಂದ ಪ್ರಕಟವಾಗಿ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಆ ಕಾದಂಬರಿಯ ಒಂದೊಂದು ಪುಟದಲ್ಲೂ ವರ್ಷಗಟ್ಟಲೆ ಒಳಗೇ ಕುದಿಸಿಟ್ಟುಕೊಂಡ ಊರು ಕಾಣುತ್ತದೆ.

ಈಗ ರೊಕ್ಕದ ಮಾತು. ಇದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಯಾಕೆಂದರೆ ಕಾದಂಬರಿ ಬರೆದು ಮನೆ ನಡೆಸಬಹುದೆಂಬ ಆಸೆ ಇಟ್ಟುಕೊಂಡವರು ಇದ್ದಾರೆ. ಪುಸ್ತಕದ ಮುಖಬೆಲೆ 250 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯವರಿಗೆ, ವಿತರಕರಿಗೆ ಶೇಕಡಾ 30ರಿಂದ 40ರ ತನಕ ಬಿಡಬೇಕು. ನಲವತ್ತೇ ಆದರೆ 100 ರೂಪಾಯಿ ಅಲ್ಲಿ ಹೋಯಿತು. ರೂಢಿಯ ಶೇಕಡಾ 10ರಂತೆ ಲೇಖಕನ ಗೌರವಧನ 25. ಉಳಿದ 125ರಲ್ಲಿ ಕಾಗದ, ಅಚ್ಚು, ಅಕ್ಷರ ಜೋಡಣೆ, ಕರಡು ತಿದ್ದಿದವರಿಗೆ, ಮುಖಪುಟದ ಕಲಾವಿದರಿಗೆ, ಅಂಚೆಗೆ ಎಲ್ಲ ಆಗಬೇಕು. ಐನೂರು ಪ್ರತಿ ಪೂರ್ತಿ ಖರ್ಚಾದರೆ ಲೇಖಕನಿಗೆ 12,500. ಅಷ್ಟು ಖರ್ಚಾಗಲು ಎರಡು ಮೂರು ವರ್ಷ ಬೇಕಾಗಬಹುದು. ಹೀಗಾಗಿ ಎಷ್ಟೋ ಕಡೆ ರೊಕ್ಕದ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಇನ್ನು ಕೆಲವು ಕಡೆ ಲೇಖಕನೇ ಅಚ್ಚಿನ ಖರ್ಚು ಹಾಕುತ್ತಾನೆ. ಸ್ವಂತ ಖರ್ಚಿನಲ್ಲಿ ಪುಸ್ತಕ ತರುವುದು ಅವಮಾನದ ವಿಷಯವಲ್ಲ, ಗಳಗನಾಥರೂ ಕಾರಂತರೂ ತಮ್ಮ ಪುಸ್ತಕ ತಾವೇ ತಂದವರು. ಆದರೆ ದುಡ್ಡು ಪಡೆದು ಅಚ್ಚು ಹಾಕುವವರಿಗೆ “ಇದು ಇನ್ನೂ ಪಕ್ವವಾಗಿಲ್ಲ” ಎಂದು ಹೇಳುವ ಕಾರಣವಿರುವುದಿಲ್ಲ. ಆಗ ಓದಿ ಹೇಳುವವನನ್ನು ಲೇಖಕನೇ ಹುಡುಕಿಕೊಳ್ಳಬೇಕು.

ಸರ್ಕಾರದ ಸಗಟು ಖರೀದಿ ಎಂಬುದೊಂದಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆ ಆಯ್ಕೆಯಾದ ಪುಸ್ತಕದ 300 ಪ್ರತಿ ಕೊಳ್ಳುವ ಪದ್ಧತಿ, ಬೆಲೆ ಪುಟದ ಲೆಕ್ಕದಲ್ಲಿ. ಅದನ್ನೇ ನಂಬಿ ಉಸಿರಾಡುವ ಸಣ್ಣ ಪ್ರಕಾಶಕರು ನಾಡಿನ ತುಂಬ ಇದ್ದಾರೆ, ಹಣ ತಡವಾದ ವರ್ಷ ಅವರು ಹೊಸ ಹಸ್ತಪ್ರತಿಗೆ ಕೈ ಹಚ್ಚುವುದಿಲ್ಲ. ಹೊಸಬರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವಿದೆ, ಅರ್ಜಿ ಕರೆದಾಗ ಹಾಕಿ. ಅಗ್ಗದ ದರದಲ್ಲಿ ಪುಸ್ತಕ ಕಳಿಸಲು ಇದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತು ಹೋದದ್ದು ದೊಡ್ಡ ಪೆಟ್ಟು. ಹಳ್ಳಿಯ ಓದುಗನಿಗೆ ಪುಸ್ತಕ ಮುಟ್ಟಿಸುವ ದಾರಿ ಅದಾಗಿತ್ತು. ಚಂದಾದಾರರ ಪದ್ಧತಿ ಬದುಕಿದ್ದೇ ಅಂಚೆಯ ಮೇಲೆ.

ಒಪ್ಪಂದದ ಬಗ್ಗೆ ಒಂದು ಮಾತು, ಯಾಕೆಂದರೆ ಹುಡುಗರು ಇದನ್ನು ಕೇಳುವುದೇ ಇಲ್ಲ. ಪುಸ್ತಕ ಬರುವ ಸಂತೋಷದಲ್ಲಿ ಎಲ್ಲಿ ಸಹಿ ಮಾಡೆಂದರೂ ಮಾಡುತ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಯಾವ ಸೀಮೆಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಲೇಖಕ ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಅವನ ವಾರಸುದಾರರದ್ದು. ಅನುವಾದ, ಸಿನಿಮಾ, ಧ್ವನಿಪುಸ್ತಕ ಇವುಗಳ ಹಕ್ಕನ್ನು ಬೇರೆ ಬೇರೆಯಾಗಿ ಹೆಸರಿಸಿ ಬರೆಸಿಕೊಳ್ಳಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಗ್ಲಿಷಿಗೆ ಹೋಗಿ ಲೋಕ ಸುತ್ತಿದ್ದನ್ನೂ, ಬಾನು ಮುಷ್ತಾಕರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದದ್ದನ್ನೂ ನೋಡಿದ್ದೇವೆ. ಮುಗದದಲ್ಲಿ ಕೂತು ಬರೆದದ್ದು ಎಲ್ಲಿಗೆ ಹೋದೀತೆಂದು ಇವತ್ತೇ ಹೇಳಲು ಬರುವುದಿಲ್ಲ, ಸಹಿ ಮಾಡುವಾಗ ಅದು ಮನಸ್ಸಿನಲ್ಲಿರಲಿ.

ಕರಡು ತಿದ್ದುವ ಕೆಲಸವನ್ನೂ ಯಾರೂ ಕೆಲಸವೆಂದು ಎಣಿಸುವುದಿಲ್ಲ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವೊತ್ತು ಒಂದು ಅಕ್ಷರ ಆಚೀಚೆ ಜಿಗಿಯುತ್ತದೆ, ಒತ್ತಕ್ಷರ ಒಡೆದು ನಿಲ್ಲುತ್ತದೆ. ಆಡುಮಾತಿನ ಸಂಭಾಷಣೆಯನ್ನಂತೂ ಊರ ಮಾತು ಗೊತ್ತಿಲ್ಲದವರು ತಪ್ಪೆಂದು ತಿಳಿದು ತಿದ್ದಿಬಿಡುತ್ತಾರೆ. “ಹೊಂಟಾಳ” ಎಂದಿದ್ದದ್ದು “ಹೊರಟಿದ್ದಾಳೆ” ಆಗಿ ಬಂದರೆ ಆ ಹೆಣ್ಣುಮಗಳು ಬೇರೆ ಯಾರೋ ಆಗಿಬಿಡುತ್ತಾಳೆ. ಮೂರನೇ ಕರಡನ್ನು ಲೇಖಕನೇ ಕೂತು, ಹಸ್ತಪ್ರತಿ ಮಗ್ಗುಲಲ್ಲಿಟ್ಟುಕೊಂಡು ನೋಡಬೇಕು.

ಹಂಡೆಯ ಹುಡುಗ ನನ್ನ ಮಾತಿನಂತೆ ನಾಲ್ಕು ಮಂದಿಗೆ ಓದಿಸಿದ. ಮಾಸ್ತರರು ವ್ಯಾಕರಣ ತಿದ್ದಿದರು, ಗೆಳೆಯ ಭಾಳ ಚಲೋ ಆಗೇತಿ ಎಂದ. ಉಪಯೋಗಕ್ಕೆ ಬಂದದ್ದು ಅವನ ಅತ್ತಿಗೆ ಕೇಳಿದ ಪ್ರಶ್ನೆ. ರೊಟ್ಟಿ ಕೆಲಸ ಮುಗಿಸಿ ರಾತ್ರಿ ಹೊತ್ತು ಓದಿ ಮುಗಿಸಿದ ಆಕೆ, “ಎಲ್ಲಾ ಪಾಲಾತು ಅಂತ ಬರದಿ. ನಿಂಗವ್ವ ಆಮ್ಯಾಲ ಯಾರ ಮನಿಯಾಗ ಉಂಡಳೋ?” ಎಂದಳಂತೆ. ಕಾದಂಬರಿಯಲ್ಲಿ ಅದು ಇರಲಿಲ್ಲ. ಹಂಡೆಯ ಅಧ್ಯಾಯದ ನಂತರ ಕತೆ ಸೀದಾ ಕೋರ್ಟಿಗೆ ಹೋಗಿತ್ತು. ಪ್ರಕಾಶಕರಿಗೆ ಕೊಡಬೇಕೆಂದು ಕಟ್ಟಿಟ್ಟ ಕಟ್ಟು ಬಿಚ್ಚಿ ಅವನು ಮತ್ತೆ ಕೂತಿದ್ದಾನೆ. ತಿಂಗಳಿಗೊಬ್ಬ ಮಗನ ಮನೆಯಂತೆ ಪಾಳಿ, ಮೂವತ್ತೊಂದನೇ ತಾರೀಖಿನ ಊಟ ಯಾರದೆಂಬ ತಕರಾರು, ಅಲ್ಲಿಗೆ ಬಂದು ನಿಂತಿದೆ.